ಮಾತಾಡದ ಪುಟವನ್ನು ಓದಿಸಿದವರು

ಮೊದಲೇ ಹೇಳಿಬಿಡುತ್ತೇನೆ, ಆ ಚೀನೀ ಹುಡುಗಿಯ ಓದು ಕೆಡಿಸಿದವನು ನಾನು. ಸುಮ್ಮನೆ ಕೆಡಿಸಲಿಲ್ಲ. ಸಂಬಳ ತೆಗೆದುಕೊಂಡು, ಅವಳ ತಾಯಿಯಿಂದ ಒಂದು ಡಬ್ಬಿ ಗ್ರೀನ್ ಟೀಯನ್ನೂ ಗಿಟ್ಟಿಸಿಕೊಂಡು ಕೆಡಿಸಿದೆ. ಸರಿ ಮಾಡಿದವರು ಬೇರೆ, ನಮ್ಮ ಸೆಂಟರಿನ ಮೇಡಂ. ಅವರು ಹೋದ ತಿಂಗಳು ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಮಂಗಳೂರಿಗೆ ಹೊರಟುಹೋದರು. ಬೀಳ್ಕೊಡುಗೆಯ ಕೇಕ್ ಕತ್ತರಿಸಿದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿ, ಮೇಡಂ ಥರ ಒಂದ್ಸಲ ಮಾಡಿ ತೋರಿಸು ಅಂದರು. ಮಾಡಿದೆ. ಸೆರಗನ್ನು ಸ್ವೆಟರಿನೊಳಗೆ ಸಿಕ್ಕಿಸಿಕೊಳ್ಳುವುದು, ಫ್ಲಾಸ್ಕಿನ ಮುಚ್ಚಳವನ್ನು ಅದಕ್ಕೆ ನೋವಾಗದಂತೆ ತಿರುಗಿಸುವುದು, ‘ಎಂತ ಮಾರಾಯ’ ಅನ್ನುವುದು. ಎಲ್ಲರೂ ನಕ್ಕರು. ಅವರೂ ನಕ್ಕರು. ಆದರೆ ನನಗೆ ಸಿಕ್ಕಿದ್ದು ಅವರ ದನಿ ಮಾತ್ರ. ಅವರ ಕೆಲಸವೆಲ್ಲ ನಡೆಯುತ್ತಿದ್ದದ್ದು ಅವರು ಬಾಯಿ ಮುಚ್ಚಿಕೊಂಡಿದ್ದ ಹೊತ್ತಿನಲ್ಲಿ. ಅದನ್ನು ಮಿಮಿಕ್ರಿ ಮಾಡಲು ಬರುವುದಿಲ್ಲ, ಹಾಗಾಗಿ ಬರೆಯಲು ಕೂತಿದ್ದೇನೆ.

ದುಬೈಯಲ್ಲಿ ನಾನು ಸೇರಿದ್ದ ಕಂಪನಿ ಮುಚ್ಚಿಹೋಗಿ, ಹಂಚಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದ ಬೆಡ್ ಸ್ಪೇಸ್ ಖಾಲಿ ಮಾಡಿ, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದ ಚಿಕ್ಕಮ್ಮನ ಮನೆಯ ಸೋಫಾದ ಮೇಲೆ ಬಂದು ಬಿದ್ದಿದ್ದೆ. ಪಕ್ಕದ ವಿಲ್ಲಾದ ಮಹಡಿಯಲ್ಲಿದ್ದ ಮೇಡಂ ಒಂದು ಸಂಜೆ ಕರಿಬೇವು ಕೇಳಲು ಬಂದವರು ನನ್ನನ್ನು ನೋಡಿ, ಹುಡುಗನಿಗೆ ಇಂಗ್ಲಿಷ್ ಬರುತ್ತದಾ ಅಂತ ವಿಚಾರಿಸಿದರು. ಇಂಗ್ಲಿಷ್ ಗೊತ್ತಿಲ್ಲ, ಬಾಯಂತೂ ಬರುತ್ತೆ ಅಂದಳು ಚಿಕ್ಕಮ್ಮ. ಹೀಗೆ ನಾನು ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನ ಎರಡನೇ ಮಹಡಿಯಲ್ಲಿದ್ದ ಟ್ಯೂಷನ್ ಸೆಂಟರಿನಲ್ಲಿ ಮೇಷ್ಟರಾದೆ.

ದಿನಾ ಅವರ ಕಾರಿನಲ್ಲೇ ಹೋಗುತ್ತಿದ್ದೆ. ಅವರು ಕಾರು ಓಡಿಸುವುದೆಂದರೆ ಮೆರವಣಿಗೆ. ಹಿಂದಿನವರೆಲ್ಲ ಲೈಟ್ ಮಿಣುಕಿಸಿ, ಹಾರ್ನ್ ಹೊಡೆದು, ಪಕ್ಕಕ್ಕೆ ಬಂದಾಗ ಕಣ್ಣು ಕೆಕ್ಕರಿಸಿ ಮುಂದೆ ಹೋಗುತ್ತಿದ್ದರು. ಒಮ್ಮೆ ಒಂದು ದೊಡ್ಡ ಬಿಳಿ ಗಾಡಿ ಬಂಪರಿಗೆ ಬಂಪರ್ ತಾಗಿಸುವಷ್ಟು ಹತ್ತಿರ ಬಂತು. ಅವನಿಗೆ ನಿಮ್ಮ ಮೇಲೆ ಭಯಂಕರ ಕೋಪ ಬಂದಿದೆ ಮೇಡಂ ಅಂದೆ.

“ಅವನು ಲೈಟ್ ಹಾಕಿದ. ಆದದ್ದು ಅಷ್ಟೇ. ಕೋಪ ನೀನು ಹಾಕಿದ್ದು,” ಅಂದರು. “ಅವನ ಹೆಂಡತಿಗೆ ಹೆರಿಗೆ ನೋವು ಉಂಟೋ ಏನೋ, ನಿಂಗೆ ಗೊತ್ತುಂಟಾ?”

ಹಾಗಂದು, ಹೆರಿಗೆ ಸುಸೂತ್ರವಾಗಲಿ ಅನ್ನುವಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಇದು ಅವರ ಕಾಯಿಲೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಬಾಸ್ ಸಿಟ್ಟಾಗಿದ್ದಾರೆ ಅಂದರೆ, ಅವರು ಏನು ಮಾಡಿದರು ಅದನ್ನು ಹೇಳು ಅನ್ನುವರು. ಬಾಗಿಲು ಹಾಕಿಕೊಂಡರು ಅಂದರೆ, ಹಾಗಾದರೆ ಬಾಗಿಲು ಹಾಕಿಕೊಂಡರು ಅಂತ ಹೇಳು. ಅವರಿದ್ದ ಕಡೆ ಚಾಡಿ ಬೆಳೆಯುತ್ತಲೇ ಇರಲಿಲ್ಲ. ಹಾಗಂತ ದೇವತೆ ಅಂದುಕೊಳ್ಳಬೇಡಿ. ಕೆಂಪು ಪೆನ್ನು ಯಾರಿಗೂ ಕೊಡುತ್ತಿರಲಿಲ್ಲ. ಬಿಸ್ಕತ್ತಿನ ಪ್ಯಾಕೆಟ್ಟನ್ನು ಎಲ್ಲರೆದುರು ತೆರೆದು ತಾವೊಬ್ಬರೇ ತಿನ್ನುತ್ತಿದ್ದರು. ಮಕ್ಕಳನ್ನು ಹೊಗಳುವುದೆಂದರೆ ತಲೆಯನ್ನು ಕೂದಲೆಳೆಯಷ್ಟು ಅಲ್ಲಾಡಿಸುವುದು. ಅದೂ ಎಸಿ ಗಾಳಿಗೆ ಅಲ್ಲಾಡಿತೋ ಅಂತ ಅನುಮಾನ ಬರಬೇಕು.

ಚೀನೀ ಮಕ್ಕಳ ಬ್ಯಾಚು ಅವರದು. ರಸ್ತೆ, ಬಂದರು, ಟವರು ಕಟ್ಟುವ ಕಂಪನಿಗಳಲ್ಲಿ ಕೆಲಸ ಮಾಡುವವರ ಮಕ್ಕಳು. ತಮಗೆ ತಾವೇ ಇಂಗ್ಲಿಷ್ ಹೆಸರು ಇಟ್ಟುಕೊಂಡಿದ್ದರು. ಒಬ್ಬ ಸೋಡಾ. ನಾನು ಹೇಳುತ್ತಿರುವ ಹುಡುಗಿ ವಿಂಟರ್. ಅಬುಧಾಬಿಯಲ್ಲಿ ವರ್ಷವಿಡೀ ವಿಂಟರ್ ಸಿಗುವ ಜಾಗ ನಮ್ಮ ಸೆಂಟರ್ ಒಂದೇ ಅಂತ ನಾನು ಜೋಕ್ ಹೊಡೆದರೆ, ಅವಳು ಅದನ್ನು ಪಾಠವೆಂದುಕೊಂಡು ಬರೆದುಕೊಳ್ಳುತ್ತಿದ್ದಳು. ಹದಿನೈದು ವರ್ಷ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್, ಮಾತೇ ಇಲ್ಲ.

ಆ ಮಕ್ಕಳ ಶ್ರದ್ಧೆ ನೋಡಿದರೆ ನನಗೆ ನನ್ನ ಪಿಯುಸಿ ನೆನಪಾಗುತ್ತಿತ್ತು. ನನಗೇ ಗೊತ್ತಿಲ್ಲದ ಪದಗಳು ಅವರಿಗೆ ಬಾಯಿಪಾಠ. ಆದರೆ ಪ್ಯಾಸೇಜು ಓದುವ ಕ್ರಮ ಒಂದಿತ್ತು: ಮೊದಲು ಪ್ರಶ್ನೆ ನೋಡುವುದು, ಅದರಲ್ಲಿರುವ ದೊಡ್ಡ ಪದ ಹಿಡಿಯುವುದು, ಅದು ಪ್ಯಾಸೇಜಿನಲ್ಲಿ ಎಲ್ಲಿದೆ ಅಂತ ಹುಡುಕುವುದು, ಸಿಕ್ಕ ಸಾಲನ್ನು ಪೂರ್ತಿ ಇಳಿಸುವುದು. ಅರ್ಧ ಪ್ರಶ್ನೆಗಳಿಗೆ ಇದು ನಡೆದುಹೋಗುತ್ತಿತ್ತು. ಮುದುಕ ಯಾಕೆ ತಿರುಗಿ ನೋಡಲಿಲ್ಲ ಅಂತ ಕೇಳಿದಾಗ ಮಾತ್ರ, ಮುದುಕ ತಿರುಗಿ ನೋಡಲಿಲ್ಲ ಅನ್ನುವ ಸಾಲೇ ಉತ್ತರವಾಗಿ ಬರುತ್ತಿತ್ತು, ಮುತ್ತಿನಂಥ ಅಕ್ಷರದಲ್ಲಿ. ಗೈಡು ಉರು ಹೊಡೆದು ಪಾಸಾದ ನಾನು ನಗಬಾರದು. ಆದರೂ ನಕ್ಕೆ.

ಮೇಡಂ ಮಾಡುತ್ತಿದ್ದದ್ದು ಇಷ್ಟೇ. ಪರ್ಸಿನಿಂದ ಯಾವುದೋ ಪರದೆ ಅಂಗಡಿಯ ಹಳೆ ವಿಸಿಟಿಂಗ್ ಕಾರ್ಡ್ ತೆಗೆದು, ಓದುತ್ತಿರುವ ಸಾಲಿನ ಕೆಳಗೆ ಅಡ್ಡ ಇಡುವುದು. ಮುಂದಿನ ಸಾಲು ಕಾಣದು. ಈಗ ಏನಾಗುತ್ತದೆ ಅಂತ ಕೇಳಿ ಸುಮ್ಮನಾಗುವುದು. ಆ ಸುಮ್ಮನಾಗುವುದು ಸಾಮಾನ್ಯದ್ದಲ್ಲ. ಎಸಿಯ ಸದ್ದು, ಕೆಳಗಿನ ಸೂಪರ್ ಮಾರ್ಕೆಟಿನ ಟ್ರಾಲಿಗಳ ಸದ್ದು, ಸೋಡಾನ ಹೊಟ್ಟೆಯ ಸದ್ದು ಎಲ್ಲ ಕೇಳಿಸುತ್ತಿತ್ತು. ಹೊರಗೆ ಕೂತ ನನಗೇ ಏನಾದರೂ ಕೂಗಿಬಿಡೋಣ ಅನ್ನಿಸುತ್ತಿತ್ತು. ಯಾರಾದರೂ ಏನಾದರೂ ಹೇಳುವವರೆಗೆ ಅವರು ಟೀ ಕುಡಿಯುತ್ತಿದ್ದರು. ಹೇಳಿದ ಮೇಲೆ ಕಾರ್ಡನ್ನು ಒಂದು ಸಾಲು ಕೆಳಗೆ ಇಳಿಸುತ್ತಿದ್ದರು.

ವಿಂಟರ್‌ಳ ತಾಯಿ ಪ್ರತಿ ಕ್ಲಾಸಿಗೂ ಬಂದು ಕಾರಿಡಾರಿನಲ್ಲಿ ಕಾಯುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಫೋನಿಗೆ ಚೀನೀ ಭಾಷೆಯಲ್ಲಿ ಹೇಳಿ ನಮ್ಮ ಕಡೆ ಹಿಡಿದರೆ, ಅದು ಗಂಡಸಿನ ದನಿಯಲ್ಲಿ, ಏರ್‌ಪೋರ್ಟಿನಲ್ಲಿ ವಿಮಾನ ತಡವೆಂದು ಹೇಳುವ ಹಾಗೆ ಇಂಗ್ಲಿಷ್ ಒದರುತ್ತಿತ್ತು. ಒಂದು ದಿನ ಅದು ಹೇಳಿತು: ಮಗಳನ್ನು ಚಿಕ್ಕವಳಿದ್ದಾಗಲೇ ಅಜ್ಜಿಯ ಮನೆಯಲ್ಲಿ ಬಿಟ್ಟು ಬಂದೆವು. ವರ್ಷಕ್ಕೊಮ್ಮೆ ಹೋಗಿ ನೋಡುತ್ತಿದ್ದೆವು. ಈಗಷ್ಟೇ ಕರೆಸಿಕೊಂಡಿದ್ದೇವೆ. ಈ ಟರ್ಮ್ ಮುಗಿಯುವುದರೊಳಗೆ ಇಂಗ್ಲಿಷ್ ಓದಿನ ಪರೀಕ್ಷೆ ಪಾಸಾಗದಿದ್ದರೆ ಶಾಲೆ ಮುಂದಿನ ಕ್ಲಾಸಿಗೆ ಸೀಟು ಕೊಡುವುದಿಲ್ಲ. ಅವಳ ತಂದೆ ಊರಿನ ಹಾಸ್ಟೆಲಿಗೆ ವಾಪಸ್ ಕಳಿಸುವುದೆಂದು ನಿರ್ಧರಿಸಿದ್ದಾರೆ. ದಯವಿಟ್ಟು ಓದುವಿಕೆಯನ್ನು ಬಲಪಡಿಸಿ.

ಆ ಫೋನಿನ ದನಿಯನ್ನು ನಾನು ಸ್ಟಾಫ್ ರೂಮಿನಲ್ಲಿ ಚಾಚೂ ತಪ್ಪದೆ ಮಾಡಿ ತೋರಿಸಿದೆ. ‘ಬಲಪಡಿಸಿ’ ಅನ್ನುವಲ್ಲಿ ಭಾರಿ ನಗು ಬಂತು. ಮೇಡಂ ಟೀ ಮುಗಿಸಿ ಎದ್ದು ಹೋದರು. ಕೋಪ ಬಂತು ಅಂತ ನಾನು ಹೇಳಬಾರದು. ಎದ್ದು ಹೋದರು.

ಸೆಂಟರಿನ ಮಾಲೀಕರು ಉಪ್ಪಿನಂಗಡಿ ಕಡೆಯ ಬ್ಯಾರಿ ಸಾಹೇಬರು. ಮೊದಲು ಅತ್ತರಿನ ವ್ಯಾಪಾರದಲ್ಲಿದ್ದವರು. ನಾವೆಲ್ಲ ಭಾಯ್ ಅನ್ನುತ್ತಿದ್ದೆವು. ಒಳ್ಳೆಯವರೇ, ಅತ್ತರಿನ ಹಾಗೆ ಪಾಠವೂ ಮೂಗಿಗೆ ತಕ್ಷಣ ಬಡಿಯಬೇಕು ಅಂತ ನಂಬಿದ್ದರು. ಮೇಡಂ ಒಂದು ಗಂಟೆಯಲ್ಲಿ ಅರ್ಧ ಪ್ಯಾಸೇಜು ಓದಿಸುತ್ತಾರೆ, ಪಕ್ಕದ ಕೋಣೆಯಲ್ಲಿ ನಾನು ಮಕ್ಕಳನ್ನು ನಗಿಸುತ್ತೇನೆ. ಭಾಯ್ ಕಾರಿಡಾರಿನಲ್ಲಿ ನಿಂತು ಎರಡನ್ನೂ ಕೇಳಿಸಿಕೊಂಡರು. ಮರುದಿನ ಚೀನೀ ಬ್ಯಾಚು ನನಗೆ ಬಂತು. “ಮೇಡಂ, ನೀವು ಸ್ವಲ್ಪ ರೆಸ್ಟ್ ಮಾಡಿ. ಪೇರೆಂಟ್ಸಿಗೆ ರಿಸಲ್ಟ್ ಬೇಕು. ಯಲ್ಲಾ, ಖಲಾಸ್,” ಅಂತ ಅರಬಿಯಲ್ಲಿ ಮಾತು ಮುಗಿಸಿದರು. ಮೇಡಂ ಮೇಜಿನ ಮೇಲಿದ್ದ ತಮ್ಮ ಕೆಂಪು ಪೆನ್ನನ್ನು ಎತ್ತಿಕೊಂಡು ಸಣ್ಣ ಮಕ್ಕಳ ಕೋಣೆಗೆ ಹೋದರು.

ನಾನು ಹೇಗೆ ಪಾಠ ಮಾಡಿದೆ ಕೇಳಿ. ಪ್ಯಾಸೇಜನ್ನು ಗಟ್ಟಿಯಾಗಿ ಓದುವುದು, ಪಾತ್ರಕ್ಕೊಂದು ದನಿ ಹಾಕುವುದು. ಮೋಸಗಾರ ಚಿಕ್ಕಪ್ಪನಿಗೆ ಮೂಗಿನಲ್ಲಿ, ಕ್ಯಾಪ್ಟನ್ನಿಗೆ ಹೊಟ್ಟೆಯಿಂದ, ವಿಧವೆಗೆ ನಡುಗುವ ದನಿ. ಲೇಖಕರು ವ್ಯಂಗ್ಯ ಮಾಡಿದರೆ ನಾನು ಹುಬ್ಬು ಎತ್ತುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ವಿಂಟರ್ ಕೂಡ ಒಮ್ಮೆ ಕೈಯಡ್ಡ ಇಟ್ಟು ನಕ್ಕಳು. ಆಮೇಲೆ ಪ್ರಶ್ನೆ ಕೊಟ್ಟರೆ ಎಲ್ಲ ಸರಿ. ಅವನ ಮನಸ್ಸಿನಲ್ಲಿ ಏನಿತ್ತು? ಸರಿ. ಅವಳು ನಿಜ ಹೇಳುತ್ತಿದ್ದಾಳೆಯೇ? ಸರಿ. ಮಾರ್ಕು ಏರಿತು, ಭಾಯ್ ಬೆನ್ನು ತಟ್ಟಿದರು, ಗ್ರೀನ್ ಟೀ ಬಂತು. ದುಬೈ ಬ್ರಾಂಚಿನಲ್ಲೂ ವಾರಕ್ಕೊಂದು ಕ್ಲಾಸು ತೆಗೆದುಕೊಳ್ಳಲು ಮಾತಾಯಿತು. ನಾನು ಕನ್ನಡಿಯ ಮುಂದೆ ನಿಂತು ಯಶಸ್ವಿ ಶಿಕ್ಷಕನ ಮಿಮಿಕ್ರಿ ಮಾಡಿಕೊಂಡೆ.

ಕಾರಿನಲ್ಲಿ ಒಂದು ದಿನ ನನ್ನ ಹೆಚ್ಚುಗಾರಿಕೆಯನ್ನೆಲ್ಲ ಕೇಳಿಸಿಕೊಂಡು ಮೇಡಂ ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದರು. “ಓದಿದ್ದು ನೀನು. ಮಾರ್ಕು ಅವರಿಗೆ ಯಾಕೆ ಮಾರಾಯ?”

ಹೊಟ್ಟೆಕಿಚ್ಚು ಅಂದುಕೊಂಡೆ. ಅದೂ ನಾನೇ ಹಾಕಿದ ಹೊಟ್ಟೆಕಿಚ್ಚು.

ಶಾಲೆಯವರು ನಡೆಸಿದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಂಟರ್ ಮುಳುಗಿದಳು. ಮೇಡಂ ಕಾಲದಲ್ಲಿ ಬರುತ್ತಿದ್ದಷ್ಟು ಮಾರ್ಕೂ ಬರಲಿಲ್ಲ. ಪೇಪರಿನ ತುಂಬ ಖಾಲಿ ಜಾಗ. ಗೊತ್ತಿದ್ದ ಪದಗಳೇ ಅಲ್ಲವೇ, ಯಾಕೆ ಬರೆಯಲಿಲ್ಲ ಅಂತ ಕೇಳಿದೆ. ಈ ಪೇಪರಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ ಸರ್ ಅಂದಳು.

ನನಗೆ ಆಗ ಹೊಳೆಯಿತು. ಅವಳು ಪುಟ ಓದುತ್ತಿರಲಿಲ್ಲ, ನನ್ನನ್ನು ಓದುತ್ತಿದ್ದಳು. ಹುಬ್ಬು ಎತ್ತಿದರೆ ವ್ಯಂಗ್ಯ, ಮೂಗಿನಲ್ಲಿ ಬಂದರೆ ಮೋಸ. ಪರೀಕ್ಷಾ ಕೋಣೆಯಲ್ಲಿ ನನ್ನ ಹುಬ್ಬು ಇರಲಿಲ್ಲ. ಟರ್ಮಿನ ಕೊನೆಯ ಪರೀಕ್ಷೆಗೆ ಉಳಿದಿದ್ದದ್ದು ಕೆಲವೇ ಕ್ಲಾಸು.

ಭಾಯ್ ನನ್ನನ್ನೂ ಮೇಡಂ ಅವರನ್ನೂ ಕರೆಸಿದರು. ತಾಯಿ ಬರುತ್ತಿದ್ದಾರೆ, ಮೊದಲಿನ ಟೀಚರ್ ಹತ್ತಿರ ಬುನಾದಿ ಗಟ್ಟಿಯಾಗಿರಲಿಲ್ಲ ಅಂತ ಹೇಳಿದರೆ ಸೆಂಟರಿನ ಹೆಸರು ಉಳಿಯುತ್ತದೆ, ಮೇಡಂ ಹೇಗೂ ಸೀನಿಯರ್, ಬೇಸರ ಮಾಡಿಕೊಳ್ಳುವುದಿಲ್ಲ ಅಂದರು. ನನ್ನ ಬಾಯಿ, ಊರಿನವರ ದನಿಯೆಲ್ಲ ತೆಗೆಯುವ ಬಾಯಿ, ಆ ಹೊತ್ತಿನಲ್ಲಿ ನನ್ನ ದನಿ ತೆಗೆಯಲಿಲ್ಲ. ಮೇಡಂ ಸ್ವೆಟರಿನ ಗುಂಡಿ ಹಾಕಿಕೊಂಡರು, ಬಿಚ್ಚಿದರು.

“ಎಂತ ಬೇಕಾದ್ರೂ ಹೇಳಿ ಭಾಯ್. ಹುಡುಗಿಯನ್ನು ನಂಗೆ ಕೊಡಿ,” ಅಂದರು. ಆಮೇಲೆ ನನ್ನ ಕಡೆ ಬೆರಳು ಮಾಡಿ, “ಇವನೂ ಬೇಕು. ಬಾಯಿ ಮುಚ್ಚಿ ಕೂರ್ಲಿಕ್ಕೆ,” ಅಂದರು.

ಭಾಯ್ ಒಪ್ಪಿಕೊಂಡರು. ತಾಯಿಯ ಹತ್ತಿರ ಬುನಾದಿಯ ಮಾತನ್ನೂ ಎತ್ತಲಿಲ್ಲ.

ಮೊದಲ ಕ್ಲಾಸಿನಲ್ಲಿ ನನ್ನನ್ನು ಹುಡುಗಿಯ ಎದುರು ಕುರ್ಚಿಯಲ್ಲಿ ಕೂರಿಸಿದರು. ನಿಯಮ ಹೀಗೆ: ಅವಳು ಮನಸ್ಸಿನಲ್ಲಿ ಓದಬೇಕು. ಓದಿ ಆದ ಮೇಲೆ, ಆ ಸಾಲನ್ನು ಯಾವ ದನಿಯಲ್ಲಿ ಹೇಳಬೇಕು ಅಂತ ನನಗೆ ಅಪ್ಪಣೆ ಕೊಡಬೇಕು. ನಾನು ಅವಳು ಹೇಳಿದ ಹಾಗೆ ಹೇಳಬೇಕು, ತಪ್ಪೆಂದು ಗೊತ್ತಿದ್ದರೂ ಹಾಗೇ ಹೇಳಬೇಕು. ನನ್ನ ಸ್ವಂತದ್ದು ಒಂದು ಹುಬ್ಬಿನಷ್ಟೂ ಸೇರಿಸಬಾರದು. ಅಂದರೆ ನಾನು ಆ ತಾಯಿಯ ಫೋನು.

ಹುಡುಗಿ ಮೊದಲು ಎಲ್ಲದಕ್ಕೂ ಆಂಗ್ರಿ ಅಂದಳು. ಸೇಬು ಮಾರುವವಳೂ ಆಂಗ್ರಿ, ಪೋಸ್ಟ್‌ಮ್ಯಾನೂ ಆಂಗ್ರಿ. ನಾನು ಗುಡುಗಿದೆ. ಕಾರಿಡಾರಿನಿಂದ ಭಾಯ್ ಇಣುಕಿ ನೋಡಿ ಹೋದರು. ಕ್ಲಾಸುಗಳು ಕರಗುತ್ತಿದ್ದವು. ತಾಯಿ ಕಾರಿಡಾರಿನಲ್ಲಿ ಕೂರುವುದನ್ನು ಬಿಟ್ಟು ನಿಲ್ಲಲು ಶುರು ಮಾಡಿದರು. ವಿಮಾನದ ಟಿಕೆಟಿನ ವಿಚಾರ ವಿಂಟರ್ ಮನೆಯಲ್ಲಿ ಮಾತಾಗುತ್ತಿದೆ ಅಂತ ಸೋಡಾ ನನಗೆ ಹೇಳಿದ. ನಾನು ಮೇಡಂ ಅವರನ್ನು, ಸುಮ್ಮನೆ ಉತ್ತರ ಹೇಳಿಕೊಟ್ಟು ಉರು ಹೊಡೆಸೋಣ ಅಂತ ಬೇಡಿಕೊಂಡೆ. ಅವರು ಟೀ ಕುಡಿದರು.

ಆಮೇಲೆ ದೋಣಿಯ ಪ್ಯಾಸೇಜು ಬಂತು. ಒಬ್ಬ ಮುದುಕ ತನ್ನ ಹಳೆ ದೋಣಿ ಮಾರುತ್ತಾನೆ. ಕೊಂಡವನು ಬೇಸರವಾಯಿತೇ ಅಂತ ಕೇಳಿದರೆ, ಬರೀ ಮರ ತಾನೇ ಅನ್ನುತ್ತಾನೆ. ಕಾರ್ಡು ಅಲ್ಲಿಗೆ ನಿಂತಿತ್ತು. ಖುಷಿಯ ದನಿ ಅಂದಳು ವಿಂಟರ್. ಖುಷಿಯಾಗಿ ಹೇಳಿದೆ. ಮೇಡಂ ಕಾರ್ಡನ್ನು ಒಂದು ಸಾಲು ಇಳಿಸಿದರು. ಅಂದಿನಿಂದ ಮುದುಕ ಪೇಟೆಗೆ ಕಡಲ ದಂಡೆ ಬಿಟ್ಟು ಸುತ್ತುದಾರಿ ಹಿಡಿದು ಹೋಗುತ್ತಿದ್ದ ಅಂತ ಇತ್ತು.

ಹುಡುಗಿ ಅದನ್ನು ಓದಿದಳು. ಮತ್ತೆ ಮೇಲಿನ ಸಾಲಿಗೆ ಹೋದಳು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದಳು, ಇಟ್ಟಳು. ನನ್ನ ಬಾಯಿ ತುರಿಸುತ್ತಿತ್ತು. ಮೇಡಂ ಫ್ಲಾಸ್ಕಿನ ಮುಚ್ಚಳದ ಮೇಲೆ ಕೈ ಇಟ್ಟಿದ್ದರು, ತಿರುಗಿಸುತ್ತಿರಲಿಲ್ಲ.

ಇನ್ನೊಮ್ಮೆ ಹೇಳಿ ಸರ್ ಅಂದಳು. ಹೇಳಿದೆ. ಅದು ಇವನ ದನಿ ಅಲ್ಲ ಅಂದಳು. ಅಳುವ ದನಿ ಹಾಕಲೇ ಅಂದೆ. ಅಳುವವನಲ್ಲ. ಹಾಗಾದರೆ ಹೇಗೆ? ಅವಳು ಹುಡುಕಿ ಹುಡುಕಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. “ಹವಾಮಾನದ ವಿಷಯ ಹೇಳುವ ಹಾಗೆ ಹೇಳಿ. ಅವನು ಹೇಳುತ್ತಿರುವುದು ಮರದ ವಿಷಯ ಅಲ್ಲ.”

ನಾನು ಹಾಗೆ ಹೇಳಿದೆ. ಬರೀ ಮರ ತಾನೇ. ನನ್ನ ಬಾಯಿಂದ ಅಷ್ಟು ಒಳ್ಳೆಯ ದನಿ ಅದಕ್ಕಿಂತ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಮೇಡಂ ತಲೆ ಕೂದಲೆಳೆಯಷ್ಟು ಅಲ್ಲಾಡಿತು. ನಾನು ಎಸಿ ಕಡೆ ನೋಡಲಿಲ್ಲ.

ಕೊನೆಯ ಪರೀಕ್ಷೆಯಲ್ಲಿ ವಿಂಟರ್ ಪಾಸಾದಳು. ಬರೀ ಪಾಸಲ್ಲ, ತೀರ ಚೆನ್ನಾಗಿ ಪಾಸಾದಳು. ಅದೇ ಕಷ್ಟಕ್ಕೆ ಬಂತು. ಅಷ್ಟು ಕೆಳಗಿದ್ದವಳು ಕೆಲವೇ ವಾರಗಳಲ್ಲಿ ಇಷ್ಟು ಮೇಲೆ ಬಂದದ್ದು ಹೇಗೆ ಅಂತ ಶಾಲೆಗೆ ಸಂಶಯ. ಫಲಿತಾಂಶ ತಡೆಹಿಡಿದರು. ಮಗುವನ್ನು, ತಾಯಿಯನ್ನು, ಪಾಠ ಹೇಳಿದವರನ್ನು ಕರೆಸಿದರು. ಭಾಯ್‌ಗೆ ಅವತ್ತೇ ದುಬೈಯಲ್ಲಿ ಮೀಟಿಂಗ್ ಬಿತ್ತು. ಮೇಡಂ ಮತ್ತು ನಾನು ಕಾರಿನಲ್ಲಿ ಹೋದೆವು. ಅವತ್ತು ಮಾತ್ರ ಅವರು ಎಲ್ಲರಷ್ಟೇ ಜೋರಾಗಿ ಓಡಿಸಿದರು.

ಪರೀಕ್ಷಾ ವಿಭಾಗದ ಮುಖ್ಯಸ್ಥರು ಟೈ ಕಟ್ಟಿದ ಎತ್ತರದ ಮನುಷ್ಯ. ಒರಟರಲ್ಲ, ಆದರೆ ಮುಖದಲ್ಲಿ ಏನೂ ಸಿಗುತ್ತಿರಲಿಲ್ಲ. ನನಗೆ ಮಿಮಿಕ್ರಿಗೂ ಬರದ ಮುಖ. ಫೋನುಗಳನ್ನೆಲ್ಲ ಬಾಗಿಲ ಬಳಿ ಬುಟ್ಟಿಯಲ್ಲಿ ಇಡಿಸಿದರು. ಹಾಗಾಗಿ ತಾಯಿಗೆ ಇನ್ನು ಮುಂದೆ ಒಂದು ಮಾತೂ ಅರ್ಥವಾಗುವಂತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಎಲ್ಲರ ಬಾಯಿ ನೋಡುತ್ತಿದ್ದರು. ಮುಖ್ಯಸ್ಥರು ಕಪಾಟಿನಿಂದ ಒಂದು ಹಾಳೆ ತೆಗೆದು ವಿಂಟರ್‌ಳ ಮುಂದಿಟ್ಟರು. ನನ್ನೆದುರೇ ಓದಿ ಉತ್ತರ ಹೇಳು ಅಂದರು.

ಅವಳು ಓದಿದಳು. ತಲೆ ಎತ್ತಿದಳು. ಅವಳ ಕಣ್ಣು ನೇರ ನನ್ನ ಮುಖಕ್ಕೆ ಬಂತು, ಹಳೆ ಅಭ್ಯಾಸ. ನನ್ನ ಹುಬ್ಬು ತಾನಾಗಿಯೇ ಏಳಲು ಹೊರಟದ್ದು ನನಗೆ ಗೊತ್ತಾಯಿತು. ಮುಖ್ಯಸ್ಥರೂ ನನ್ನ ಕಡೆ ತಿರುಗುತ್ತಿದ್ದರು. ಮೇಡಂ ಮೆಲ್ಲಗೆ ಕನ್ನಡದಲ್ಲಿ, “ಗೋಡೆ ನೋಡು,” ಅಂದರು. ನಾನು ಕುರ್ಚಿ ಸಮೇತ ಗೋಡೆಯ ಕಡೆ ತಿರುಗಿದೆ. ಹೀಗೆ ಆ ಕೋಣೆಯಲ್ಲಿ ನಡೆದದ್ದನ್ನು ನಾನು ಕಣ್ಣಿನಿಂದ ನೋಡಿಲ್ಲ, ಕೇಳಿದ್ದೇನೆ.

ತಿರುಗುವ ಮೊದಲು ನಾನೂ ಕಣ್ಣಾಡಿಸಿದ್ದ ಪ್ಯಾಸೇಜಿನ ಕತೆ ಇಷ್ಟು. ಹಡಗಿನ ಕೆಲಸಕ್ಕೆ ಹೊರಟ ಮಗನನ್ನು ಕಳಿಸಲು ತಂದೆ ಬಂದರಿಗೆ ಬರುತ್ತಾನೆ. ಮಗನ ಬಟ್ಟೆಗಂಟಿನ ಹಗ್ಗ ಬಿಚ್ಚಿ ಮತ್ತೆ ಕಟ್ಟುತ್ತಾನೆ. ಹಡಗು ಕೂಗುತ್ತದೆ. ತಂದೆ ಇನ್ನೊಮ್ಮೆ ಬಿಚ್ಚಿ ಕಟ್ಟುತ್ತಾನೆ. ತಂದೆಯ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಪ್ರಶ್ನೆ.

ಫ್ಲಾಸ್ಕು ಇಲ್ಲ, ಟ್ರಾಲಿ ಇಲ್ಲ. ಬೆಂಕಿ ಬಿದ್ದಾಗ ಯಾವ ಬಾಗಿಲಿನಿಂದ ಓಡಬೇಕು ಅನ್ನುವ ನಕ್ಷೆ ಗೋಡೆಯ ಮೇಲಿತ್ತು. ನಾನು ಅದನ್ನೇ ಓದುತ್ತಿದ್ದೆ. ಉತ್ತರ ನನ್ನ ಗಂಟಲಿನವರೆಗೆ ಬಂದು ನಿಂತಿತ್ತು. ಅವಳು ಸಾಲನ್ನು ಹಾಗೇ ಇಳಿಸಿ ಒಪ್ಪಿಸಿದರೆ ಖಲಾಸ್, ಹಾಸ್ಟೆಲು.

ತಂದೆಗೆ ಕಳಿಸಲು ಮನಸ್ಸಿರಲಿಲ್ಲ ಅಂದಳು ವಿಂಟರ್.

ಅದು ಹಾಳೆಯಲ್ಲಿ ಇಲ್ಲವಲ್ಲ ಅಂದರು ಮುಖ್ಯಸ್ಥರು. ಇರುವುದು ಹಗ್ಗ. ಗಂಟು ಸಡಿಲವಾಗಿತ್ತು, ಜಾಗರೂಕ ಮನುಷ್ಯ, ಬಿಗಿ ಮಾಡಿದ, ಹಾಗೆ ಯಾಕಿರಬಾರದು? ಮನಸ್ಸಿರಲಿಲ್ಲ ಅನ್ನುವ ಉತ್ತರವನ್ನು ನಿನಗೆ ಯಾರು ಹೇಳಿಕೊಟ್ಟರು?

ಅದಕ್ಕೆ ಅವಳು ಉತ್ತರ ಕೊಟ್ಟ ಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಹಾಳೆಯನ್ನು ಕಪಾಟಿಗೆ ಹಾಕಿ ಫಲಿತಾಂಶಕ್ಕೆ ಸಹಿ ಮಾಡಿಕೊಟ್ಟರು, ಹುಡುಗಿ ಇವತ್ತಿಗೂ ಅದೇ ಶಾಲೆಯಲ್ಲಿದ್ದಾಳೆ. ಮೇಡಂ ಬಾಯಿಂದ ಆ ಕೋಣೆಯಲ್ಲಿ ಗೋಡೆಯ ಮಾತು ಬಿಟ್ಟರೆ ಬೇರೆ ಬಂದಿಲ್ಲ. ಹುಡುಗಿ ಕೊಟ್ಟ ಉತ್ತರವನ್ನು ಅವಳ ಇಂಗ್ಲಿಷಿನಿಂದ ಇದ್ದ ಹಾಗೆ ಇಳಿಸುತ್ತೇನೆ, ನನ್ನದೇನೂ ಸೇರಿಸುವುದಿಲ್ಲ:

“ಸರ್, ನನ್ನ ಅಮ್ಮ ವರ್ಷಕ್ಕೊಂದು ಸಲ ಬಂದು ವಾಪಸ್ ಹೊರಡುವಾಗ, ನನ್ನ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಲೇಸ್ ಸಡಿಲ ಇರಲಿಲ್ಲ.”